ಹೊಳೆಯುವ ಲವಣ, ಜೋಮು ಹಿಡಿದ ಬೆರಳು

ರಸಾಯನದ ಈ ವಿದ್ಯೆಗೆ ಬರುವ ಹುಡುಗ ಹುಡುಗಿಯರು ಮೊದಲು ಮರುಳಾಗುವುದು ಚಿತ್ರಗಳಿಗೆ. ಕತ್ತಲ ಕೋಣೆ, ಸಾಲಾಗಿ ನಿಂತ ಗಾಜಿನ ಸೀಸೆಗಳು, ಒಂದರಲ್ಲಿ ಹಸಿರು ಬೆಳಕು, ಇನ್ನೊಂದರಲ್ಲಿ ಕೆಂಡದಂಥ ಕೇಸರಿ. ಆ ಚಿತ್ರ ಸುಳ್ಳಲ್ಲ. ಆದರೆ ಅಂಥ ಒಂದು ಸೀಸೆಯ ಹಿಂದೆ ಕಂದು ಮಡ್ಡಿ ತುಂಬಿದ ಎಷ್ಟೋ ಸೀಸೆಗಳು ಇರುತ್ತವೆ, ಅವುಗಳ ಚಿತ್ರ ಯಾರೂ ತೆಗೆಯುವುದಿಲ್ಲ. ನಾನು ಆ ಮಡ್ಡಿ ತೊಳೆದು ಕೆಲಸ ಕಲಿತವಳು. ಆಮೇಲೆ ಅದನ್ನು ಬಿಟ್ಟು, ಹ್ಯೂಸ್ಟನ್ನಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕ್ಯಾನ್ಸರ್ ರೋಗಿಗಳನ್ನು "ಇವತ್ತು ಹೇಗಿದೆ" ಎಂದು ಕೇಳುತ್ತ ಉಳಿದ ನೌಕರಿ ಮುಗಿಸಿದೆ. ಈಗ ಆಸ್ಟಿನ್ ಹತ್ತಿರದ ಸೀಡರ್ ಪಾರ್ಕಿನ ಮನೆಯಲ್ಲಿ ಬೆಳಿಗ್ಗೆ ಎದ್ದರೆ ನೋಡಬೇಕಾದ ಸೀಸೆಯೂ ಇಲ್ಲ, ಕೇಳಬೇಕಾದ ರೋಗಿಯೂ ಇಲ್ಲ. ಮನೆಗೆ ಬಂದವರನ್ನೇ "ನಿದ್ದೆ ಸರಿಯಾಗಿ ಬರ್ತದೇನು, ಊಟ ಸೇರ್ತದೇನು" ಎಂದು ವಿಚಾರಿಸುತ್ತೇನೆ. "ಅಮ್ಮಾ, ಯು ಆರ್ ಡೂಯಿಂಗ್ ಇಟ್ ಅಗೇನ್" ಎಂದು ಮಗಳು ನಗುತ್ತಾಳೆ.

ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಮದುವೆಯಾಗಿ, ಗಂಡ ಅಶೋಕನ ಟೆಲಿಕಾಂ ಕೆಲಸದ ಹಿಂದೆ ಡಾಲಸ್ ಪಕ್ಕದ ರಿಚರ್ಡ್‌ಸನ್ನಿಗೆ ಬಂದೆ. ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಕೂತು ಕೂತು ತಲೆ ಕೆಟ್ಟಿತ್ತು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಮೈಸೂರಿನವರೊಬ್ಬರು ಪ್ರೊಫೆಸರ್ ಇದ್ದಾರೆಂದು ಯಾರೋ ಹೇಳಿದರು. ಹೆಸರು ವೆಂಕಟಾಚಲ. ಧೈರ್ಯ ಮಾಡಿ ಹೋಗಿ ಬಾಗಿಲಲ್ಲಿ ನಿಂತೆ. ತೆಳ್ಳಗಿನ ಮನುಷ್ಯ, ಅಂಗಿಯ ತೋಳನ್ನು ಮೊಣಕೈವರೆಗೆ ಅಚ್ಚುಕಟ್ಟಾಗಿ ಮಡಚಿದ್ದರು.

"ಧಾರವಾಡದವರಾ? ಒಳ್ಳೇದು. ಗಾಜು ತೊಳೆಯೋಕೆ ಬರುತ್ತಾ?"

"ಬರ್ತದ್ರಿ ಸರ್."

"ಅಷ್ಟು ಬೇಗ ಬರುತ್ತೆ ಅಂದ್ರೆ ಬರಲ್ಲ ಅಂತ ಅರ್ಥ. ಬನ್ನಿ."

ಮೊದಲ ಕೆಲವು ತಿಂಗಳು ಗಾಜು ತೊಳೆದದ್ದೇ ತೊಳೆದದ್ದು. ತೊಳೆದದ್ದನ್ನು ಅವರು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮಾತಾಡದೆ ಹಿಂದಕ್ಕೆ ಕೊಡುತ್ತಿದ್ದರು. ಹಿಂದಕ್ಕೆ ಕೊಡದ ದಿನ ನನಗೆ "ಬಾಮ್ಮ" ಎಂದರು. ಅವತ್ತಿನಿಂದ ನಾನು ಅವರ ವಿದ್ಯಾರ್ಥಿನಿ.

ಅವರು ಬದುಕಿಡೀ ಮಾಡಿದ್ದು ಪ್ಲಾಟಿನಮ್ಮಿನ ಲವಣಗಳ ಕೆಲಸ. ಆ ಅಣು ಚಪ್ಪಟೆಯಾಗಿರುತ್ತದೆ. ದ್ರಾವಣದಲ್ಲಿ ಒಂದೊಂದೇ ತೇಲುತ್ತಿದ್ದರೆ ಮಂಕು. ಆದರೆ ಸರಿಯಾದ ದ್ರವದಲ್ಲಿ, ಸರಿಯಾದ ಬಿಸಿಯಲ್ಲಿ ತೊಟ್ಟು ತೊಟ್ಟಾಗಿ ನೀರು ಹಾಕುತ್ತ ಹೋದರೆ ಅವು ಹೋಟೆಲಿನಲ್ಲಿ ತಟ್ಟೆ ಪೇರಿಸಿಟ್ಟ ಹಾಗೆ ಒಂದರ ಮೇಲೊಂದು ತಾವೇ ಕೂತುಕೊಳ್ಳುತ್ತವೆ. ಹಾಗೆ ಕೂತಾಗ, ನೇರಳಾತೀತ ದೀಪದ ಕೆಳಗೆ, ಇಡೀ ಸೀಸೆ ಕೇಸರಿಯಾಗಿ ಹೊತ್ತಿಕೊಳ್ಳುತ್ತದೆ. ಯಾರೂ ಜೋಡಿಸುವುದಿಲ್ಲ. ಅವಸರ ಮಾಡಿ ನೀರು ಸುರಿದರೆ ಸಿಗುವುದು ಮಡ್ಡಿ.

"ನಾವು ಮಾಡೋದಲ್ಲ ಪದ್ಮಾ, ಅದೇ ಆಗ್ಬೇಕು," ಎನ್ನುತ್ತಿದ್ದರು ಸರ್. "ಆಗೋಕೆ ಬೇಕಾದ ಜಾಗ ಮಾಡ್ಕೊಟ್ಟು ದೂರ ನಿಲ್ಲೋದು, ಅಷ್ಟೇ ನಮ್ಮ ಕೆಲಸ."

ನನ್ನ ಮೊದಲ ಸೀಸೆ ಬೆಳಗಿದ ಸಂಜೆ ರೈಲು ಹತ್ತಿ ಮನೆಗೆ ಹೋಗುವಾಗ ಪಕ್ಕದಲ್ಲಿ ಕೂತ ಅಪರಿಚಿತ ಮುದುಕನಿಗೆ ಅದನ್ನೆಲ್ಲ ವಿವರಿಸಿಬಿಟ್ಟಿದ್ದೆ. ಪಾಪ, ಅವನು ತನ್ನ ಸ್ಟೇಷನ್ ಬಂದರೂ ಇಳಿಯದೆ ಮುಂದಿನದರಲ್ಲಿ ಇಳಿದ.

ನಮ್ಮ ಲ್ಯಾಬಿನ ದೊಡ್ಡ ಫಜೀತಿಯನ್ನೂ ಹೇಳಬೇಕು. ಆ ಲವಣವನ್ನು ಗಾಜಿನ ಮೇಲೆ ತೆಳ್ಳಗೆ ಬಳಿದರೆ ಕೆಲವು ಆವಿಗಳು ತಾಕಿದಾಗ ಅದರ ಬಣ್ಣ ಬದಲಾಗುತ್ತದೆ. ವಿಷದ ಗಾಳಿಯನ್ನು ಕಂಡುಹಿಡಿಯಲು ಇದು ಉಪಯೋಗಕ್ಕೆ ಬಂದೀತೆಂಬ ಆಸೆಯಿತ್ತು. ಒಂದು ಹೊಸ ಗಾಜು ಮಾತ್ರ ವಿಚಿತ್ರವಾಗಿ ಆಡತೊಡಗಿತು. ನಾವು ಯಾವ ಆವಿಯನ್ನೂ ಬಿಡದಿದ್ದರೂ ಕೆಲವು ಮಧ್ಯಾಹ್ನ ತಾನಾಗಿ ಹಳದಿಯಿಂದ ಕೆಂಪಾಗುತ್ತಿತ್ತು. ಸರ್‌ಗೆ ಸಂಭ್ರಮ ತಡೆಯಲಿಲ್ಲ. ಬಿಸಿಲಿನ ಪ್ರಭಾವವೇ, ತೇವಾಂಶವೇ ಎಂದು ತಲೆ ಕೆಡಿಸಿಕೊಂಡರು. ಕಟ್ಟಡದವರನ್ನು ಕಾಡಿ ಏಸಿ ನಿಲ್ಲಿಸಿದರು. ಡಾಲಸ್ಸಿನ ಆಗಸ್ಟಿನಲ್ಲಿ ನಾವೆಲ್ಲ ಬೆಂದುಹೋದೆವು. ಒಂದು ಸಮ್ಮೇಳನದಲ್ಲಿ ಮಾತಾಡಲು ಸಿದ್ಧತೆಯೂ ಶುರುವಾಯಿತು. ಕೊನೆಗೊಂದು ದಿನ ಪಕ್ಕದ ಆಫೀಸಿಗೆ ಸಹಿ ಹಾಕಿಸಲು ಹೋದೆ. ಅಲ್ಲಿಯ ಸೆಕ್ರೆಟರಿ ಹತ್ತಿ ಹಿಡಿದು ಉಗುರು ಬಣ್ಣ ಒರೆಸಿಕೊಳ್ಳುತ್ತಿದ್ದಳು. ಅಸಿಟೋನ್ ವಾಸನೆ ಗಮ್ಮೆಂದಿತು. ಎರಡು ಕೋಣೆಗೂ ಗಾಳಿಯ ಕೊಳವೆ ಒಂದೇ.

ಹೇಗೆ ಹೇಳಲಿ ಎಂದು ಹೆದರುತ್ತ ಬಂದು ಹೇಳಿದೆ. ಸರ್ ಸ್ಟೂಲಿನ ಮೇಲೆ ಕೂತರು. ಸ್ವಲ್ಪ ಹೊತ್ತು ಗಾಜನ್ನೇ ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಗಾಜು ಸರಿಯಾಗೇ ಹೇಳ್ತಿತ್ತು ಕಣಮ್ಮ. ಕೇಳಿಸ್ಕೊಳ್ಳೋಕೆ ನಮಗೆ ಬರ್ಲಿಲ್ಲ."

ಅವತ್ತೇ ಏಸಿ ಹಾಕಿಸಿದರು.

ಸರ್ ಅವರ ಕೈ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅಣುಗಳು ಹೇಗೆ ಕೂತಿವೆ ಎಂದು ತಿಳಿಯಲು ಹರಳು ಬೆಳೆಸಿ ಕ್ಷ-ಕಿರಣ ಹಾಯಿಸಬೇಕು. ಆ ಹರಳು ಸಕ್ಕರೆ ಕಾಳಿಗಿಂತ ಸಣ್ಣದು. ಅದನ್ನು ಸೂಕ್ಷ್ಮದರ್ಶಕದ ಕೆಳಗೆ, ಕೂದಲಿನಂಥ ಗಾಜಿನ ಎಳೆಯ ತುದಿಗೆ ಅಂಟಿಸಬೇಕು. ನಾನು ಮುಟ್ಟಿದರೆ ಹರಳು ಒಡೆಯುತ್ತಿತ್ತು ಇಲ್ಲವೇ ಹಾರಿಹೋಗುತ್ತಿತ್ತು. ಸರ್ ಬಂದು ಕೂತರೆ ಒಂದೇ ಸಲ. "ಉಸಿರು ಬಿಟ್ಮೇಲೆ ಎತ್ತು, ಎಳ್ಕೊಳ್ಳುವಾಗ ಎತ್ಬೇಡ," ಎನ್ನುತ್ತಿದ್ದರು. ಈಗ ಅದಕ್ಕೆ ಬೇರೆ ಸಲಕರಣೆಗಳು ಬಂದಿವೆ, ಹರಳನ್ನು ಯಂತ್ರದಲ್ಲಿ ಕೂರಿಸುವ ಕೆಲಸವನ್ನು ಹಲವೆಡೆ ರೋಬಾಟೇ ಮಾಡುತ್ತದೆ. ಒಳ್ಳೆಯದೇ ಆಯಿತು. ಆದರೂ ಆ ಬೆರಳುಗಳು ಎಳೆಯನ್ನು ಇಳಿಸುವಾಗ ಕೋಣೆಯಲ್ಲಿದ್ದವರೆಲ್ಲ ಉಸಿರು ಬಿಟ್ಟು ಕಾಯುತ್ತಿದ್ದ ಆ ಗಳಿಗೆ ಈಗಿನವರಿಗೆ ಸಿಗಲಿಲ್ಲವಲ್ಲ ಎಂದು ನನಗೆ ಅನಿಸುತ್ತದೆ.

ಪಿಎಚ್.ಡಿ. ಆಯಿತು. ಅಲ್ಲೇ ಇನ್ನೂ ಕೆಲವು ವರ್ಷ ಇದ್ದೆ. ಅಷ್ಟರಲ್ಲಿ ಅಶೋಕನ ಕಂಪನಿ ಮುಚ್ಚಿತು, ಹ್ಯೂಸ್ಟನ್ನಿನಲ್ಲಿ ಬೇರೆ ಕೆಲಸ ಸಿಕ್ಕಿತು. ಶಿಫ್ಟ್ ಆಗಲೇಬೇಕಾಯಿತು. ಆ ಊರಿನಲ್ಲಿ ನನ್ನ ಲವಣಗಳನ್ನು ಕೇಳುವವರಿರಲಿಲ್ಲ. ಸಿಕ್ಕಿದ್ದು ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ, ರೋಗಲಕ್ಷಣಗಳ ತಂಡದಲ್ಲಿ. ಗಡ್ಡೆಯನ್ನು ಕರಗಿಸುವ ಕೆಲಸ ಬೇರೆಯವರದು. ಅದು ಕರಗುವಷ್ಟು ಕಾಲ ಆ ಮನುಷ್ಯ ನೋವು, ಸುಸ್ತು, ಓಕರಿಕೆ, ನಿದ್ದೆಗೇಡನ್ನು ಹೇಗೆ ತಡೆದುಕೊಳ್ಳುತ್ತಾನೆ, ಅದನ್ನು ಹೇಗೆ ಕಡಿಮೆ ಮಾಡಬಹುದು ಎಂದು ನೋಡುವುದು ನಮ್ಮ ಕೆಲಸ.

ನನ್ನ ಮೇಲಧಿಕಾರಿ ಡೆನೀಸ್, ಮೊದಲು ನರ್ಸ್ ಆಗಿದ್ದವರು. ಹ್ಯೂಸ್ಟನ್ನಿನಲ್ಲೇ ಹುಟ್ಟಿ ಬೆಳೆದ ಕಪ್ಪು ಹೆಂಗಸು, ಗಟ್ಟಿ ಗಂಟಲು. ಮೊದಲ ದಿನ ನಾನು ಒಬ್ಬ ರೋಗಿಯ ಮಂಚದ ಪಕ್ಕ ನಿಂತೇ ಪ್ರಶ್ನೆಗಳನ್ನು ಕೇಳಿ ಮುಗಿಸಿ ಬಂದೆ. ಡೆನೀಸ್ ಹೊರಗೆ ಕರೆದು, "ನೀನು ನಿಂತಿದ್ದರೆ ಅವನು ನಿನ್ನನ್ನು ಬೇಗ ಕಳಿಸುವ ಉತ್ತರ ಕೊಡುತ್ತಾನೆ. ಕೂತುಕೋ. ಕೇಳಿದ ಮೇಲೆ ಬಾಯಿ ಮುಚ್ಚು," ಎಂದರು. ಈ ಕೆಲಸಕ್ಕೆ ಬರುವವರಿಗೆ ನಾನು ಹೇಳಬೇಕಾದದ್ದೂ ಇದೇ.

ಮನೆಗೆ ಹೋದ ರೋಗಿಗಳಿಗೆ ಆಗ ಯಂತ್ರವೇ ಫೋನ್ ಮಾಡುತ್ತಿತ್ತು. ಧ್ವನಿಮುದ್ರಿಸಿದ ಪ್ರಶ್ನೆ ಕೇಳಿ, ಸೊನ್ನೆಯಿಂದ ಹತ್ತರವರೆಗೆ ತಮ್ಮ ಕಷ್ಟ ಎಷ್ಟೆಂದು ಅವರು ಬಟನ್ ಒತ್ತಬೇಕು. ಆ ಧ್ವನಿ ಡೆನೀಸ್ ಅವರದು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅವರು ಕಾಫಿ ಕೇಳಿದರೆ ಹಿಂದಿನಿಂದ ಯಾರಾದರೂ, "ದಿನಾ ನನಗೆ ಫೋನ್ ಮಾಡುವವರು ನೀವೇ ಅಲ್ಲವೇ?" ಎಂದು ಓಡಿ ಬರುತ್ತಿದ್ದರು. ಮುಂದೆ ಕೈಗೆ ಟ್ಯಾಬ್ಲೆಟ್ ಬಂತು, ಆಮೇಲೆ ಮೊಬೈಲ್ ಆ್ಯಪ್. ಉತ್ತರಗಳು ಆ ಕ್ಷಣವೇ ನರ್ಸ್‌ಗಳಿಗೆ ತಲುಪತೊಡಗಿದವು. ಜನ ಧ್ವನಿಯ ಹಿಂದೆ ಓಡಿ ಬರುವುದು ನಿಂತಿತು.

ಭಾಷೆಯ ಕಾರಣಕ್ಕೆ ಒಮ್ಮೆ ನನ್ನನ್ನು ವಾರ್ಡಿಗೆ ಕರೆದರು. ವಿಜಯಪುರದ ಕಡೆಯ ಗುರುಶಾಂತವ್ವ, ಇಲ್ಲಿ ವ್ಯಾಪಾರ ಮಾಡುತ್ತಿದ್ದ ಮಗನ ಜೊತೆ ಇದ್ದವರು. ಡಾಕ್ಟರ್ ಕೇಳಿದ್ದಕ್ಕೆಲ್ಲ ಮಗ "ಶೀ ಈಸ್ ಫೈನ್" ಎನ್ನುತ್ತಿದ್ದ. ನಾನು ಕುರ್ಚಿ ಎಳೆದುಕೊಂಡು ಕೂತು, ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಕೊಡುತ್ತೀರಿ ಎಂದೆ.

"ಏನವಾ, ನೋವಿಗೂ ಮಾರ್ಕ್ಸ್ ಕೊಡ್ತೀರೇನು ಇಲ್ಲೆ?"

"ಹೌದ್ರಿ ಯವ್ವಾ. ಹತ್ತು ಅಂದ್ರ ತಡಕೊಳ್ಳಾಕ ಆಗಲಾರದಷ್ಟು."

ಮುದುಕಿ ಮಗನ ಕಡೆ ನೋಡಿತು, ನನ್ನ ಕಡೆ ನೋಡಿತು. "ಹಂಗಾರ ಒಂಬತ್ತು ಬರಕೋ. ಪೂರಾ ಹತ್ತು ಕೊಟ್ಟುಬಿಟ್ರ ನಾಳಿಗೆ ಹೆಚ್ಚಾದಾಗ ಏನ್ ಕೊಡ್ಲಿ?"

ಮಗ ಗೋಡೆಯ ಕಡೆ ತಿರುಗಿ ಅತ್ತ. ಅವತ್ತು ಅವರ ನೋವಿನ ಔಷಧ ಬದಲಾಯಿತು. ಮರುದಿನ ಹೋದಾಗ ಗುರುಶಾಂತವ್ವ ನಿದ್ದೆ ಮಾಡುತ್ತಿದ್ದರು, ಕೇಳದೆ ಹಿಂದಿರುಗಿದೆ.

ಇಂಥ ಕೆಲಸದಲ್ಲಿ ಮನಸ್ಸು ತುಂಬಿತ್ತು. ಆದರೂ ಲ್ಯಾಬಿನ ಹಂಬಲ ಹೋಗಲಿಲ್ಲ. ಯುಗಾದಿಗೋ ದೀಪಾವಳಿಗೋ ಸರ್‌ಗೆ ಫೋನ್ ಮಾಡಿದರೆ ಶುಭಾಶಯ ಮುಗಿದ ಕೂಡಲೇ, "ಯಾವ ಬಣ್ಣ ಬಂತು ಸರ್?" ಎಂದು ಕೇಳುತ್ತಿದ್ದೆ. ಅವರು ಹೇಳುತ್ತಿದ್ದರು. ಕಣ್ಣು ಮುಚ್ಚಿ ಕೇಳುತ್ತಿದ್ದೆ.

ಒಮ್ಮೆ ಹಬ್ಬವಲ್ಲದ ದಿನ ಅವರೇ ಫೋನ್ ಮಾಡಿದರು. "ಪದ್ಮಾ, ನಿಮ್ಮೂರಿಗೆ ಬರ್ತಿದೀನಿ. ದೊಡ್ಡ ಕರುಳಲ್ಲಿ ಏನೋ ಇದೆಯಂತೆ."

ಆಪರೇಷನ್ ಆಯಿತು. ಆಮೇಲೆ ಕೀಮೋ. ಸರ್ ಮತ್ತು ಅವರ ಹೆಂಡತಿ ಸರೋಜಾ ಆಂಟಿ ಆಸ್ಪತ್ರೆಯ ಹತ್ತಿರವೇ ಬಾಡಿಗೆ ಅಪಾರ್ಟ್‌ಮೆಂಟ್ ಹಿಡಿದರು. ಅವರಿಗೆ ಕೊಡಬೇಕಾದ ಔಷಧಗಳಲ್ಲಿ ಮುಖ್ಯವಾದುದು ಪ್ಲಾಟಿನಮ್ಮಿನದು. ಸರ್‌ಗೆ ಅದು ದೊಡ್ಡ ತಮಾಷೆಯಾಗಿತ್ತು. ಎಲ್ಲಿಂದಲೋ ನೇರಳಾತೀತ ಟಾರ್ಚ್ ತಂದು, ತೂಗುಹಾಕಿದ ಔಷಧದ ಚೀಲದ ಮೇಲೆ ಬಿಟ್ಟು ನೋಡಿದರು. ನರ್ಸ್ ದಂಗಾದಳು.

"ಹೊಳೆಯೋ ಜಾತಿ ಅಲ್ಲ ಇದು," ಎಂದು ನನ್ನ ಕಡೆ ತಿರುಗಿದರು. "ಜೀವಮಾನವೆಲ್ಲ ಇದನ್ನ ಸಾಲಲ್ಲಿ ನಿಲ್ಸೋಕೆ ಒದ್ದಾಡ್ದೆ. ಈಗ ನನ್ನೊಳಗೇ ಹೋಗಿ ಏನ್ ಮಾಡುತ್ತೋ ನೋಡ್ಬೇಕು."

ಅದು ಏನು ಮಾಡುತ್ತದೆಂದು ನನಗೆ ಗೊತ್ತಿತ್ತು. ಆ ಔಷಧ ನರಗಳ ತುದಿಗಳನ್ನು ಕೆಡಿಸುತ್ತದೆ. ಮೊದಲು ತಣ್ಣಗಿನದು ಮುಟ್ಟಿದರೆ ಕರೆಂಟ್ ಹೊಡೆದಂತಾಗುತ್ತದೆ. ಬರುಬರುತ್ತ ಬೆರಳಿಗೆ, ಪಾದಕ್ಕೆ ಜೋಮು ಹಿಡಿದು ಅಲ್ಲೇ ನಿಲ್ಲುತ್ತದೆ. ಹೆಚ್ಚಾಗುತ್ತಿದೆ ಎಂದು ರೋಗಿ ಹೇಳಿದರೆ ಡಾಕ್ಟರ್ ಪ್ರಮಾಣ ಇಳಿಸುತ್ತಾರೆ, ಅಥವಾ ಆ ಒಂದು ಔಷಧ ನಿಲ್ಲಿಸಿ ಉಳಿದದ್ದನ್ನು ಮುಂದುವರಿಸುತ್ತಾರೆ. ಹೇಳಿದರೆ ತಾನೆ?

ಪರಿಚಯದವರೆಂಬ ಕಾರಣಕ್ಕೆ, ಸರ್ ಆ್ಯಪಿನಲ್ಲಿ ಕೊಡುವ ಉತ್ತರಗಳನ್ನು ಡೆನೀಸ್ ನನ್ನ ಕಣ್ಣಿಗೆ ಬೀಳದಂತೆ ಬೇರೆಯವರಿಗೆ ವಹಿಸಿದರು. ನಾನು ಮನೆಯವಳಂತೆ ಹೋಗಿ ಬರುತ್ತಿದ್ದೆ. ಒಂದು ಶನಿವಾರ ಸಾರು ತೆಗೆದುಕೊಂಡು ಹೋದೆ. ಹೊರಗೆ ಹ್ಯೂಸ್ಟನ್ನಿನ ಬೆವರಿಳಿಸುವ ಬಿಸಿಲು. ಒಳಗೆ ಸರ್ ಉಣ್ಣೆಯ ಕೈಗವಸು ಹಾಕಿಕೊಂಡು ಫ್ರಿಜ್ಜಿನ ಬಾಗಿಲು ತೆಗೆಯುತ್ತಿದ್ದರು. ನನ್ನನ್ನು ನೋಡಿ ನಕ್ಕು ಅದನ್ನು ಕಳಚಿದರು. ಅವರ ಹೆಬ್ಬೆರಳ ಪಕ್ಕ ದೊಡ್ಡ ಬೊಬ್ಬೆ ಎದ್ದಿತ್ತು.

"ಇದೇನ್ ಸರ್?"

"ಏನು?" ಎಂದು ಬೆರಳನ್ನು ತಿರುಗಿಸಿ ನೋಡಿಕೊಂಡರು. ಅವರಿಗೆ ಅದು ಗೊತ್ತೇ ಇರಲಿಲ್ಲ.

ಆಂಟಿ ಅಡುಗೆಮನೆಯಿಂದ ಬಂದರು. "ಬೆಳಿಗ್ಗೆ ಹಾಲಿನ ಪಾತ್ರೆ ಬರಿಗೈಲಿ ಇಳಿಸಿದ್ರು. ಸುಡಲ್ವೇ ಅಂದೆ. ಇಲ್ಲ ಅಂದ್ರು. ಅಂಗಿ ಗುಂಡಿ ನಾನೇ ಹಾಕ್ತಿದೀನಿ ಪದ್ಮಾ. ಡಾಕ್ಟರ್ ಹತ್ರ ಹೇಳ್ಬೇಡ ಅಂತಾರೆ."

"ಸರೋಜ, ನೀನು ಸುಮ್ನಿರು."

"ಆ ಫೋನಿನ ಪ್ರಶ್ನೆಗೆ ಎಷ್ಟು ಒತ್ತತೀರಿ ಸರ್? ಜೋಮಿಗೆ?"

ಅವರು ಕಿಟಕಿಯಾಚೆ ನೋಡಿದರು. "ಒಂದು."

"ಸರ್..."

"ಹೇಳಿದ್ರೆ ನಿಲ್ಲಿಸ್ಬಿಡ್ತಾರೆ ಕಣಮ್ಮ. ನಿಲ್ಲಿಸಿದ್ರೆ ಅದು ವಾಪಸ್ ಬರುತ್ತೆ. ಬೆರಳು ಹೋದ್ರೆ ಹೋಗ್ಲಿ. ನೀನೂ ಯಾರಿಗೂ ಹೇಳ್ಬೇಡ. ಮಾತು ಕೊಡು."

ನಾನು ಮಾತು ಕೊಡಲಿಲ್ಲ, ಕೊಡುವುದಿಲ್ಲ ಎಂದೂ ಹೇಳಲಿಲ್ಲ. ಸೋಮವಾರ ಡೆನೀಸ್ ಮುಂದೆ ಕೂತು ಅಳುತ್ತ, ಹೆಸರು ಹೇಳದೆ, ಒಬ್ಬ ರೋಗಿ ಹೀಗೆ ಮಾಡಿದರೆ ಏನು ಮಾಡಬೇಕು ಎಂದು ಕೇಳಿದೆ. ಯಾರೆಂದು ಅವರಿಗೆ ಗೊತ್ತಾಗದೇ ಇರುತ್ತದೆಯೇ? "ನೀನು ಹೇಳಿದರೆ ಅವನು ಇನ್ನು ಮುಂದೆ ನಿನಗೂ ಸುಳ್ಳು ಹೇಳುತ್ತಾನೆ," ಎಂದರು. "ಅವನ ಬಾಯಿಂದಲೇ ಬರಬೇಕು. ಆದರೆ ಮುಂದಿನ ಔಷಧಕ್ಕೆ ಮೊದಲೇ ಬರಬೇಕು. ಬಾರದಿದ್ದರೆ ನನ್ನ ಹತ್ತಿರ ಬಾ."

ಮುಂದಿನ ಔಷಧ ಆ ವಾರದಲ್ಲೇ ಇತ್ತು. ಸಂಜೆ ಮತ್ತೆ ಹೋದೆ. ಸರ್ ಎದುರು ಕುರ್ಚಿ ಹಾಕಿಕೊಂಡು ಕೂತೆ. ಅವರ ಭಯ ಸುಳ್ಳೆಂದು ನಾನು ಹೇಳಲಾರೆ, ವಾಪಸ್ ಬರುವುದಿಲ್ಲವೆಂದು ಯಾರೂ ಬರೆದುಕೊಡಲಾರರು ಎಂದೆ. ಆದರೆ ಡಾಕ್ಟರ್ ಆ ‘ಒಂದು’ ಎಂಬ ಅಂಕಿಯನ್ನು ನಂಬಿ ಮುಂದಿನ ಪ್ರಮಾಣ ನಿರ್ಧರಿಸುತ್ತಾರೆ. ನಿಲ್ಲಿಸಿದ ಮೇಲೂ ಜೋಮು ಕೆಲವು ತಿಂಗಳು ಏರುತ್ತಲೇ ಇರಬಹುದು. ನಿಲ್ಲಿಸುವುದು ತಡವಾದಷ್ಟೂ ಮೆಟ್ಟಿಲು ಇಳಿಯುವುದು, ಪೆನ್ನು ಹಿಡಿಯುವುದು ಕಷ್ಟವಾಗುತ್ತ ಹೋಗುತ್ತದೆ. ಇಷ್ಟು ಹೇಳಿ ಸುಮ್ಮನಾದೆ.

ಆಂಟಿ ಬಾಗಿಲಲ್ಲಿ ನಿಂತಿದ್ದರು. ಆಮೇಲೆ ಸರ್ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿಟ್ಟರು, ಯಾರದೋ ಕೈಗಳನ್ನು ನೋಡುವ ಹಾಗೆ ನೋಡಿದರು.

"ಏಳು. ಎಂಟೂ ಇರ್ಬೋದು. ಫೋನ್ ಕೊಡು ಸರೋಜ, ನಾನೇ ಒತ್ತುತ್ತೀನಿ."

ಪರದೆಯ ಮೇಲೆ ಆ ಅಂಕಿ ಒತ್ತಲು ಅವರಿಗೆ ಬೆರಳು ಸರಿಯಾಗಿ ಕೂರಲಿಲ್ಲ. ನಾವಿಬ್ಬರೂ ಸಹಾಯಕ್ಕೆ ಹೋಗಲಿಲ್ಲ. ಒತ್ತಿದರು.

ಡಾಕ್ಟರ್ ಪ್ಲಾಟಿನಮ್ ನಿಲ್ಲಿಸಿದರು, ಉಳಿದ ಔಷಧ ಮುಗಿಸಿದರು. ಪ್ರತಿ ತಪಾಸಣೆಗೆ ಬರುವಾಗಲೂ ಸರ್ ಮುಖ ಬಿಳಿಚಿಕೊಂಡಿರುತ್ತಿತ್ತು. ಕಾಯಿಲೆ ವಾಪಸ್ ಬರಲಿಲ್ಲ. ಕೈಗೆ ಅರ್ಧ ಸ್ಪರ್ಶ ಮರಳಿತು. ಗುಂಡಿ ಹಾಕಿಕೊಳ್ಳುವಷ್ಟು, ಸೀಮೆಸುಣ್ಣ ಹಿಡಿಯುವಷ್ಟು. ಹರಳು ಎತ್ತುವಷ್ಟು ಬರಲೇ ಇಲ್ಲ. ಪಾದಗಳು ಕೊನೆವರೆಗೂ ಜೋಮು. ಊರುಗೋಲು ಹಿಡಿದು ಲ್ಯಾಬಿಗೆ ಹೋಗಿ, ವಿದ್ಯಾರ್ಥಿಗಳ ಹಿಂದೆ ಕೂತು ಬಾಯಲ್ಲಿ ಕಲಿಸುತ್ತಿದ್ದರು. ಹಬ್ಬದ ಫೋನುಗಳು ಮತ್ತೆ ಶುರುವಾದವು. ಒಂದು ದೀಪಾವಳಿಗೆ ಬಣ್ಣದ ವಿಷಯ ಮುಗಿದ ಮೇಲೆ, "ಮೊನ್ನೆ ಒಂದು ಒಳ್ಳೇ ಹರಳು ಬಂದಿತ್ತು ಪದ್ಮಾ. ನೀನಿರ್ಬೇಕಿತ್ತು," ಎಂದರು. ನಾನು ಎತ್ತಿದರೆ ಒಡೆಯುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹಲವು ವರ್ಷಗಳ ಮೇಲೆ, ಹೃದಯ ನಿಂತು, ರಿಚರ್ಡ್‌ಸನ್ನಿನ ಮನೆಯಲ್ಲೇ ಹೋದರು. ನಾನು ನಿವೃತ್ತಳಾಗಿ ಸೀಡರ್ ಪಾರ್ಕಿಗೆ ಬಂದೆ. ಸರೋಜಾ ಆಂಟಿ ಪಕ್ಕದ ಊರು ರೌಂಡ್ ರಾಕಿನಲ್ಲಿರುವ ತಮ್ಮ ಮಗಳ ಮನೆಗೆ ಬಂದರು. ಕಾರಿನಲ್ಲಿ ಹೋದರೆ ಹತ್ತಿರವೇ. ಹೋಗಿ ಬಂದು ಮಾಡುತ್ತೇವೆ. ಇಬ್ಬರೇ ಕೂತಾಗ ಮಾತು ಸರ್ ಕಡೆಗೇ ಹೋಗುತ್ತದೆ.

ಹೋದ ಚಳಿಗಾಲದಲ್ಲಿ ಒಮ್ಮೆ ಮಾತಾಡುತ್ತ, ಆ ಕೇಸರಿ ಬಣ್ಣ ಎಂಥದೆಂದು ಆಂಟಿ ಕೇಳಿದರು. ನಾನು ಬೆರಗಾದೆ. "ನೀವು ನೋಡೇ ಇಲ್ವಾ ಆಂಟಿ?"

"ಅವರು ಕರೀಲಿಲ್ಲ. ನಾನು ಕೇಳ್ಲಿಲ್ಲ," ಎಂದರು. "ಮಕ್ಕಳು, ಅಡುಗೆ, ಬಂದೋರು ಹೋದೋರು. ನಾಳೆ ನೋಡಿದ್ರಾಯ್ತು ಅಂತ."

ಆಸ್ಟಿನ್ನಿನ ವಿಶ್ವವಿದ್ಯಾಲಯದಲ್ಲಿ ಮೇಘನಾ ಎಂಬ ಬೆಂಗಳೂರಿನ ಹುಡುಗಿ ಇದೇ ಬಗೆಯ ಲವಣಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಕನ್ನಡ ಸಂಘದ ಊಟದಲ್ಲಿ ಪರಿಚಯವಾದವಳು. ಅವಳಿಗೆ ಫೋನ್ ಮಾಡಿದೆ. ತನ್ನ ಪ್ರೊಫೆಸರ್ ಒಪ್ಪಿಗೆ ಕೇಳಿ, "ಕರ್ಕೊಂಡು ಬನ್ನಿ ಆಂಟಿ, ನಾನು ರೆಡಿ ಮಾಡಿಟ್ಟಿರ್ತೀನಿ," ಎಂದಳು.

ಆಂಟಿ ಒಳ್ಳೆಯ ಸೀರೆ ಉಟ್ಟು ಬಂದರು. ಮೇಘನಾ ಅವರ ಕನ್ನಡಕದ ಮೇಲೆ ರಕ್ಷಣೆಯ ಕನ್ನಡಕ ಹಾಕಿದಳು, ಒಂದು ಬಿಳಿ ಕೋಟು ತೊಡಿಸಿದಳು. ದೀಪ ಆರಿಸಿದಳು. ನೇರಳಾತೀತ ದೀಪದ ಕೆಳಗೆ ಸೀಸೆ ಇಟ್ಟು ನೀರನ್ನು ತೊಟ್ಟಿಕ್ಕಿಸತೊಡಗಿದಳು. ಮೊದಲು ಏನೂ ಆಗಲಿಲ್ಲ. ಆಂಟಿ ನನ್ನ ಕೈ ಹಿಡಿದುಕೊಂಡರು. ಮತ್ತೊಂದಿಷ್ಟು ತೊಟ್ಟು. ಸೀಸೆಯ ಒಳಗೆ ಎಲ್ಲೋ ಒಂದು ಎಳೆ ಕೆಂಪಾಯಿತು, ಹರಡಿತು, ನೋಡನೋಡುತ್ತ ಪೂರ್ತಿ ಹೊತ್ತಿಕೊಂಡಿತು. ಆಂಟಿಯ ಮುಖ, ಕೋಟು, ನಮ್ಮ ಕೈಗಳು ಎಲ್ಲ ಕೇಸರಿಯಾದವು. ನಾನು ಎಷ್ಟು ವರ್ಷಗಳ ಮೇಲೆ ಅದನ್ನು ನೋಡುತ್ತಿದ್ದೆನೋ.

"ಇದೇನಾ?" ಎಂದರು ಆಂಟಿ.

"ಇದೇ ಆಂಟಿ."

"ಊಟಕ್ಕೆ ಬನ್ನಿ ಅಂತ ಫೋನ್ ಮಾಡಿದ್ರೆ, ಇನ್ನೇನು ಹೊರಟೆ ಅನ್ನೋರು. ಸಾರು ಎಷ್ಟು ಸಲ ಬಿಸಿ ಮಾಡ್ತಿದ್ದೆ." ಅವರ ಧ್ವನಿಯಲ್ಲಿ ದೂರಿರಲಿಲ್ಲ. ಸೀಸೆಯ ಕಡೆ ಇನ್ನಷ್ಟು ಬಾಗಿದರು.

ಮೇಘನಾ ದೀಪ ಹಾಕಲು ಸ್ವಿಚ್ಚಿನ ಕಡೆ ಕೈ ಚಾಚಿದಳು.

"ಇರಮ್ಮ, ಹಾಕ್ಬೇಡ," ಎಂದರು ಆಂಟಿ, ತಿರುಗಿ ನೋಡದೆ. "ಇನ್ನೊಂದು ಸ್ವಲ್ಪ ಹೊತ್ತು ನೋಡ್ತೀನಿ."